ಕಲ್ಯಾಣದ ಸಾಲೂ ನನ್ನ ಉಬ್ಬಸವೂ

ನಮ್ಮೂರ ವಾಚನಾಲಯದವರು ಈ ಪುಸ್ತಕಕ್ಕೆ ಒಂದು ಬರಹ ಕೊಡಿ ಅಂತ ಕೇಳಿದಾಗ ನಾನು ಮೊದಲು ಇಲ್ಲ ಅಂದೆ. ಓದಿದ್ದು ಏಳನೇ ಕ್ಲಾಸು. ಗೇಯೋದು ಮೂರು ಎಕರೆ. ರಾಗಿ, ಮುಸುಕಿನ ಜೋಳ, ನೀರಿದ್ದ ವರ್ಷ ಅರಿಶಿನ. ಹಾಡೋದು ಬರ್ತದೆ, ಬರೆಯೋದು ರೂಢಿ ಇಲ್ಲ. ಮೇಷ್ಟ್ರು ಬಿಡಲಿಲ್ಲ. 'ಮಂಟೇಸ್ವಾಮಿ ಕಥೆ ನಲವತ್ತು ವರ್ಷದಿಂದ ಹಾಡ್ತಾ ಇದ್ದೀರಿ. ಅದರ ವಿಮರ್ಶೆ ಬರೀರಿ, ಬರೀ ಹೊಗಳಿಕೆ ಬೇಡ' ಅಂದರು. ವಿಮರ್ಶೆ ಅಂದರೆ ಏನು ಸ್ವಾಮಿ ಅಂತ ಕೇಳಿದೆ. 'ಯಾವುದು ಚೆನ್ನಾಗಿದೆ, ಯಾವುದು ಸಾಲದು, ಯಾಕೆ ಅಂತ ಹೇಳೋದು' ಅಂದರು. ಅಷ್ಟೇ ಆದರೆ ನನ್ನ ಹತ್ರ ಹೇಳೋ ಮಾತು ಒಂದುಂಟು. ಬಹಳ ದಿನದಿಂದ ಎದೆಯೊಳಗೆ ಕೂತಿರೋ ಮಾತು.

ಅದನ್ನು ಹೇಳೋ ಮುಂಚೆ ಒಂದು ಸಂಗತಿ ತಿಳಿಸಬೇಕು. ನನಗೆ ಐದನೇ ವಯಸ್ಸಿನಿಂದ ಉಬ್ಬಸ. ಈಗ ಅರವತ್ತು ದಾಟಿದೆ. ಈ ಕಾಯಿಲೆ ಜೊತೆಗೇ ಬೆಳೆದೆ, ಇದರ ಜೊತೆಗೇ ಹೋಗ್ತೀನಿ. ಹಾಗಾಗಿ ಈ ಬರಹದಲ್ಲಿ ಕಥೆ ಹಾಡೋನೂ ಇದ್ದಾನೆ, ಕಾಯಿಲೆಯವನೂ ಇದ್ದಾನೆ. ಇಬ್ಬರನ್ನೂ ಬೇರೆ ಮಾಡೋಕೆ ನನ್ನ ಕೈಲಿ ಆಗೋದಿಲ್ಲ.

ನಮ್ಮ ತಾಳವಾಡಿ ಸೀಮೆ ತಮಿಳುನಾಡಿಗೆ ಸೇರಿದ್ದರೂ ಮಂಟೇಸ್ವಾಮಿ, ಮಾದಪ್ಪ ಇಬ್ಬರೂ ಇಲ್ಲಿಯ ಮನೆದೇವರೇ. ಗಡಿ ಗೆರೆ ಎಳೆದವರು ಮನುಷ್ಯರು. ಪಕ್ಕದ ಕೊಳ್ಳೇಗಾಲ 1956ಕ್ಕೆ ಮುಂಚೆ ನಮ್ಮ ಹಾಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಅದು ಮೈಸೂರಿಗೆ ಹೋಯ್ತು, ನಾವು ಇಲ್ಲೇ ಉಳಿದೆವು. ಆದರೂ ಬೊಪ್ಪೇಗೌಡನಪುರ, ಚಿಕ್ಕಲ್ಲೂರು, ಕಪ್ಪಡಿ ಜಾತ್ರೆಗಳಿಗೆ ಇಲ್ಲಿಂದ ಜನ ಹೋಗೋದು ನಿಲ್ಲಲಿಲ್ಲ. ತಂಬೂರಿ, ಗಗ್ಗರ, ದಮ್ಮಡಿ ಹಿಡಿದು ರಾತ್ರಿಯೆಲ್ಲಾ ಈ ಕಥೆ ಹಾಡೋ ನೀಲಗಾರರು ಗಡಿಯ ಎರಡೂ ಕಡೆ ಇದ್ದಾರೆ. ನಾನೂ ಅವರಲ್ಲಿ ಒಬ್ಬ.

ಈಗಿನ ಹೈಕಳಿಗೆ ಕಥೆ ಗೊತ್ತಿಲ್ಲ, ಅದಕ್ಕೆ ಕಲ್ಯಾಣದ ಸಾಲನ್ನು ಚುಟುಕಾಗಿ ಹೇಳ್ತೀನಿ. ಬಸವಣ್ಣನ ಕಲ್ಯಾಣದಲ್ಲಿ ಒಂದು ಲಕ್ಷದ ತೊಂಬತ್ತಾರು ಸಾವಿರ ಶರಣರು. ಅವರಲ್ಲಿ ಸಾಚಾ ಯಾರು, ಕಾವಿ ಮಾತ್ರ ಉಟ್ಟವರು ಯಾರು ಅಂತ ನೋಡೋಕೆ ಮಂಟೇಸ್ವಾಮಿ ಹೊರಡ್ತಾರೆ. ಒಳ್ಳೇ ವೇಷದಲ್ಲಿ ಹೋದರೆ ಎಲ್ಲರೂ ಕಾಲಿಗೆ ಬೀಳ್ತಾರೆ. ಅದಕ್ಕೇ ಮೈಯೆಲ್ಲಾ ಕುಷ್ಠ ತುಂಬಿಕೊಂಡು, ಕೀವು ಸೋರಿಸಿಕೊಂಡು, ನೊಣ ಮುತ್ತಿಸಿಕೊಂಡು, ಹೆಂಡದ ಗಡಿಗೆ ಹೊತ್ತು, ಕೀಳಾದವನ ಹಾಗೆ ಬರ್ತಾರೆ. ಬಾಗಿಲಲ್ಲಿ ತಡೀತಾರೆ. ಶರಣರು ಮೂಗು ಮುಚ್ಚಿಕೊಳ್ತಾರೆ. ಪರಂಜ್ಯೋತಿ ತಿಪ್ಪೆ ಪಾಲಾಗ್ತಾರೆ. ಕಡೆಗೆ ಅವರನ್ನು ಗುರುತು ಹಿಡಿದು ಬರಮಾಡಿಕೊಳ್ಳೋರು ಬಸವಣ್ಣ, ನೀಲಮ್ಮ.

ಈ ಸಾಲಿನ ದೊಡ್ಡತನ ಮೊದಲು ಹೇಳಿಬಿಡ್ತೀನಿ. ಬೇರೆ ಕಥೆಗಳಲ್ಲಿ ಕಾಯಿಲೆ ಬಂದವನು ಪರೀಕ್ಷೆಗೆ ಸಿಕ್ಕೋನು. ಏನು ಪಾಪ ಮಾಡಿದ್ದ, ಯಾವ ದೇವರಿಗೆ ತಪ್ಪಿ ನಡೆದ ಅಂತ ಅವನನ್ನೇ ಕೇಳ್ತಾರೆ. ಸವದತ್ತಿ ಎಲ್ಲಮ್ಮನ ಕಥೆ ನೋಡಿ. ಗಂಡ ಜಮದಗ್ನಿಯ ಶಾಪ ತಟ್ಟಿ ರೇಣುಕೆಗೆ ಕುಷ್ಠ ಬರ್ತದೆ. ಎಕ್ಕಯ್ಯ ಜೋಗಯ್ಯರು ಹೇಳಿದ ಹಾಗೆ ಮಿಂದ ಮೇಲೆ ವಾಸಿ ಆಗ್ತದೆ. ಅಲ್ಲಿ ಕಾಯಿಲೆ ಅಂದರೆ ದಂಡ, ವಾಸಿ ಅಂದರೆ ಮಾಫಿ. ಮಂಟೇಸ್ವಾಮಿ ಕಥೆ ಇದನ್ನು ತಿರುಗಿಸಿ ಹಾಕ್ತದೆ. ಇಲ್ಲಿ ಪರೀಕ್ಷೆ ಕೊಡಬೇಕಾದವನು ನೋಡೋನು. ಕೊಳೆತ ಮೈ ಹೊತ್ತು ಬಾಗಿಲಲ್ಲಿ ನಿಂತೋನೇ ಪರೀಕ್ಷೆ ಮಾಡೋ ಮೇಷ್ಟ್ರು, ಪಟ್ಟೆ ಉಟ್ಟೋನೇ ಫೇಲು. ಜಾತಿ ಮಾತೂ ಇದರೊಳಗೇ ಸೇರಿಕೊಂಡಿದೆ. ಊರ ಹೊರಗೆ ನಿಲ್ಲಿಸಿದವರ ಬಾಯಿಂದ ಹುಟ್ಟಿದ ಕಥೆ ಇದು. ಇಷ್ಟು ಗಟ್ಟಿಯಾದ ಮಾತನ್ನು ಇಷ್ಟು ಸಲೀಸಾಗಿ ಹೇಳಿದ ಕಥೆ ಇನ್ನೊಂದನ್ನು ನಾನು ಕೇಳಿಲ್ಲ.

ಇನ್ನು ಸಾಲದ್ದು ಏನು ಅನ್ನೋದನ್ನು ಹೇಳಬೇಕಾದರೆ ನನ್ನ ಚಿಕ್ಕಂದಿಗೆ ಹೋಗಬೇಕು.

ನಮ್ಮ ಕಡೆ ಮಾಗಿ ಚಳಿ ನಿಮಗೆ ಗೊತ್ತು. ಬೆಳಿಗ್ಗೆ ಎಂಟಾದರೂ ಮಂಜು ಏಳೋದಿಲ್ಲ. ಆ ಚಳೀಲೇ ರಾಗಿ ಕಣ ನಡೆಯೋದು. ಎಲ್ಲಾ ಮಕ್ಕಳಿಗೂ ಕಣ ಅಂದರೆ ಹಬ್ಬ. ನನಗೆ ಕಣ ಅಂದರೆ ಭಯ. ಹೊಟ್ಟು ತೂರಿದರೆ ಸಂಜೆಗೆ ಎದೆಯೊಳಗೆ ಬೆಕ್ಕಿನ ಮರಿ ಕೂತ ಹಾಗೆ ಕೊಯ್‌ಕೊಯ್ ಸದ್ದು. ಒಲೆ ಹೊಗೆ ಆಗದು, ಬೆಲ್ಲದ ಆಲೆಮನೆ ಆಗದು, ಹಟ್ಟಿ ದೂಳು ಆಗದು. ರಾತ್ರಿ ಮಲಗೋಕೆ ಆಗದೆ ಜಗಲಿ ಮೇಲೆ ಮಂಡಿ ಹಿಡಿದು ಕೂತಿರ್ತಿದ್ದೆ. ಅವ್ವ ಬೆನ್ನ ಹಿಂದೆ ಕೂತು ನನ್ನನ್ನು ಒರಗಿಸಿಕೊಂಡಿರೋಳು. ಆಡುಸೋಗೆ ಕಷಾಯ, ಮೆಣಸು ಬೆಲ್ಲ, ಮಂತ್ರ, ತಾಯಿತ ಎಲ್ಲಾ ಆಯ್ತು. ಬಹಳ ಕಷ್ಟ ಆದರೆ ಇಂಜೆಕ್ಷನ್ನು. ಅದಕ್ಕೆ ಒಂದೋ ಚಾಮರಾಜನಗರ, ಇಲ್ಲವೋ ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದು ಸತ್ಯಮಂಗಲ. ರಾತ್ರಿ ಹೊತ್ತು ಎರಡೂ ಇಲ್ಲ. ಬೆಳಗಾಗೋ ತನಕ ಕಾಯೋದೇ ಔಷಧಿ.

ಆಗ ಕೊಡ್ತಿದ್ದ ಮಾತ್ರೆ ನುಂಗಿದರೆ ಎದೆ ಡಬಡಬ ಹೊಡೆದುಕೊಂಡು ಕೈ ನಡುಗೋದು. ಸ್ಲೇಟಿನ ಮೇಲೆ ಅಕ್ಷರ ನೆಟ್ಟಗೆ ಬರ್ತಿರಲಿಲ್ಲ. ವರ್ಷದಲ್ಲಿ ಮೂರು ತಿಂಗಳು ಸ್ಕೂಲಿಗೆ ಹೋಗಲಿಲ್ಲ ಅಂದರೆ ಯಾವ ಹುಡುಗ ತಾನೇ ಮುಂದಕ್ಕೆ ಹೋದಾನು? ಏಳಕ್ಕೇ ನಿಂತಿತು.

ನನಗೆ ಒಂಬತ್ತು ವರ್ಷ ಇದ್ದಾಗ ಅವ್ವ ಚಿಕ್ಕಲ್ಲೂರು ಸಿದ್ಧಪ್ಪಾಜಿಗೆ ಹರಕೆ ಹೊತ್ತಳು. 'ಈ ಮೊಗ ಉಳುದ್ರ ನಿನ್ನ ಗುಡ್ಡನ ಮಾಡಿ ಬುಡ್ತೀನಿ' ಅಂದಳು. ಜನವರಿ ತಿಂಗಳಲ್ಲಿ ಅಲ್ಲಿ ಐದು ದಿನದ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲ ಉರಿಸ್ತಾರೆ. ಹರಕೆಗೆ ಅಂತ ನನ್ನನ್ನು ಅಲ್ಲಿಗೆ ಕರಕೊಂಡು ಹೋದರು. ಚಳಿ, ಧೂಪ, ಸಾವಿರ ಒಲೆಯ ಹೊಗೆ. ವಾಸಿ ಆಗಲಿ ಅಂತ ಹೋದ ಜಾಗದಲ್ಲೇ ಉಸಿರು ಕಟ್ಟಿತು. ಯಾರೋ ಪುಣ್ಯಾತ್ಮರು ಎತ್ತಿಕೊಂಡು ಹೋಗಿ ಗಾಳಿ ಆಡೋ ದಿಬ್ಬದ ಮೇಲೆ ಕೂರಿಸಿದರು. ಅಲ್ಲಿ ದೂರದಲ್ಲಿ ಯಾರೋ ತಂಬೂರಿ ಮೀಟಿ ಹಾಡ್ತಾ ಇದ್ದರು. ಬೆಳಗಿನ ತನಕ ಅದನ್ನೇ ಕೇಳಿದೆ. ಉಸಿರಿಗೂ ಹಾಡಿಗೂ ನನ್ನ ಒಳಗೆ ಅವತ್ತು ಗಂಟು ಬಿತ್ತು.

ಹಾಗೆ ನಾನು ಗುಡ್ಡ ಆದೆ. ಪಕ್ಕದ ಊರಿನ ಗುರುವಿನ ಹತ್ತಿರ ಕಥೆ ಕಲಿತೆ. ಹದಿನೇಳಕ್ಕೆ ಹಿಮ್ಮೇಳ, ಇಪ್ಪತ್ತಮೂರಕ್ಕೆ ಮುಮ್ಮೇಳ.

ಈಗ ನನ್ನ ತಪ್ಪು ಹೇಳ್ತೀನಿ. ಮುಮ್ಮೇಳಕ್ಕೆ ಬಂದ ಹೊಸದರಲ್ಲಿ ಜನರನ್ನು ಹಿಡಿದು ಕೂರಿಸೋ ಹಂಬಲ. ನಡುರಾತ್ರಿ ದಾಟಿದ ಮೇಲೆ ಜನ ತೂಕಡಿಸ್ತಾರೆ. ಕಲ್ಯಾಣದ ಸಾಲು ಬಂದಾಗ ಮಂಟೇದಯ್ಯನ ಕುಷ್ಠದ ಮೈಯನ್ನು ನಾನು ಕುಣಿದು ತೋರಿಸ್ತಿದ್ದೆ. ಬೆರಳು ಮಡಚಿ, ಕಾಲು ಎಳೆದು, ನೊಣ ಹೊಡೀತಾ, ಮೂಗು ಮುಚ್ಚೋ ಶರಣರ ಹಾಗೆ ಸೊಟ್ಟ ಮೂತಿ ಮಾಡ್ತಾ. ಜನ ಬಿದ್ದು ಬಿದ್ದು ನಗೋರು. ನಾನು ಹಿಗ್ಗೋನು.

ಒಂದು ಊರಲ್ಲಿ ತಿಥಿ ಮನೆ ಹಾಡು. ಜನರ ಕಡೇ ಸಾಲಿನ ಆಚೆ, ಬೇಲಿ ಪಕ್ಕ ಒಬ್ಬ ಮುದುಕ ಕಂಬಳಿ ಹೊದ್ದು ಕೂತಿದ್ದ. ನಾನು ಕುಣಿದೆ, ಜನ ನಕ್ಕರು. ಬೆಳಿಗ್ಗೆ ನಾನು ಮುಖ ತೊಳೆಯೋಕೆ ಬಾವಿ ಕಡೆ ಹೋದಾಗ ಆ ಮುದುಕ ಸಿಕ್ಕಿದ. ಕೈಗೆ ಬಟ್ಟೆ ಸುತ್ತಿದ್ದ. ಬೆರಳು ಇರಲಿಲ್ಲ. 'ಚೆಂದಾಗಿ ಹಾಡ್ದೆ ಕನಪ್ಪ' ಅಂದ. ಆಮೇಲೆ ನಿಧಾನಕ್ಕೆ, 'ನಂಗೂ ಹಂಗೇ ಆಗದ. ನೊಣ ಮಾತ್ರ ಕೂರಲ್ಲ. ದಿನಾ ತೊಳ್ಕತೀನಿ' ಅಂದು ಹೋದ.

ಅವನ ಮಾತಿನಲ್ಲಿ ಸಿಟ್ಟು ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಚುಚ್ಚಿತು. ಕಥೆಯಲ್ಲಿ ಒಂದು ವಿಷಯ ತಪ್ಪಾಗಿದೆ, ತಿದ್ದಿಕೋ ಅನ್ನೋ ಹಾಗೆ ಹೇಳಿದ. ಈಗ ಮೇಷ್ಟ್ರು ಹೇಳಿದ್ದು ನೋಡಿದರೆ ಅವನು ಮಾಡಿದ್ದೇ ವಿಮರ್ಶೆ. ಕುಷ್ಠದ ಪದ ಹಾಡಿ ಜನರ ಕಣ್ಣಲ್ಲಿ ನೀರು ತರಿಸೋನು ನಾನು. ನನ್ನ ಎದುರಿಗೇ ಕುಷ್ಠದವನು ಬೇಲಿ ಆಚೆ ಕೂತಿದ್ದ. ಒಳಗೆ ಬಾ ಅಂತ ಕರೆಯಲಿಲ್ಲ. ಆ ರಾತ್ರಿ ಕಲ್ಯಾಣದ ಬಾಗಿಲು ಕಾಯ್ತಿದ್ದೋನು ನಾನೇ.

ಅವತ್ತಿನಿಂದ ಈ ಸಾಲನ್ನು ಬೇರೆ ಕಣ್ಣಿನಿಂದ ನೋಡೋಕೆ ಶುರು ಮಾಡಿದೆ. ಆಗ ಕಂಡ ಕೊರತೆ ಇದು: ಮಂಟೇಸ್ವಾಮಿಗೆ ಕುಷ್ಠ ಒಂದು ವೇಷ. ಬೇಕಾದಾಗ ಹಾಕಿಕೊಂಡರು, ಕೆಲಸ ಮುಗಿದಾಗ ಬಿಟ್ಟರು. ಬೇಲಿ ಪಕ್ಕದ ಮುದುಕ ಅದನ್ನು ಎಲ್ಲಿ ಬಿಡಬೇಕು? ಕಥೆ ಹೇಳೋ ನೀತಿ, ಕಾಯಿಲೆಯವನನ್ನು ಹೀಯಾಳಿಸಬೇಡ, ಅವನು ದೇವರಿರಬಹುದು ಅಂತ. ಒಳ್ಳೇ ನೀತಿಯೇ. ಆದರೆ ಅವನು ದೇವರಲ್ಲ, ಬರೀ ಕಾಯಿಲೆಯವನು ಅಂತ ಗೊತ್ತಾದರೆ? ಆಗಲೂ ಒಳಕ್ಕೆ ಕರೀತಾರಾ? ಅವತ್ತು ಕಲ್ಯಾಣದ ಬಾಗಿಲಲ್ಲಿ ನಿಜವಾದ ಕುಷ್ಠದವನೊಬ್ಬನೂ ನಿಂತಿದ್ದ ಅಂತ ಇಟ್ಟುಕೊಳ್ಳಿ. ಸ್ವಾಮಿಗಳ ಹಿಂದೆ ಅವನಿಗೂ ಬಾಗಿಲು ತೆಗೆದರಾ? ನಾನು ಕಲಿತ ಪಾಠದಲ್ಲಿ ಇದಕ್ಕೆ ಉತ್ತರ ಇಲ್ಲ.

ಯೋಚನೆ ಮಾಡಿದರೆ ನಮ್ಮ ಹಾಡುಗಳಿಗೆ ಮೂರು ತರದ ಕಾಯಿಲೆ ಗೊತ್ತು. ಒಂದು ರೇಣುಕೆಯ ಹಾಗೆ ಶಾಪದ್ದು. ಎರಡು ಮಂಟೇಸ್ವಾಮಿಯ ಹಾಗೆ ವೇಷದ್ದು. ಮೂರನೆಯದು ಅಮ್ಮನದು. ಸಿಡುಬು ಬಂದರೆ ಮಾರಮ್ಮ ಮನೆಗೆ ಬಂದವಳೆ ಅಂತ ಬೇವು ಕಟ್ಟಿ, ಒಗ್ಗರಣೆ ಹಾಕದೆ, ಜೋರಾಗಿ ಮಾತಾಡದೆ, ಕಾಯಿಲೆ ಕೂಸನ್ನೇ ದೇವರ ಹಾಗೆ ನೋಡ್ತಿದ್ದರು. ಅದರಲ್ಲಿ ಮರ್ಯಾದೆ ಇತ್ತು. 1975ರ ಹೊತ್ತಿಗೆ ನಮ್ಮ ದೇಶದಲ್ಲಿ ಸಿಡುಬು ನಿಂತಿತು. 1980ರಲ್ಲಿ ಲೋಕದಲ್ಲೇ ಇಲ್ಲ ಅಂತ ಸಾರಿದರು. ಹಾಡು ಉಳಿಯಿತು, ಕಾಯಿಲೆ ಹೋಯ್ತು. ಈ ಮೂರಕ್ಕೂ ಒಂದೇ ಗುಣ: ಮೂರೂ ಮುಗೀತವೆ. ಶಾಪ ಕಳೀತದೆ, ವೇಷ ಕಳಚ್ತದೆ, ಅಮ್ಮ ಇಳಿದು ಹೋಗ್ತಾಳೆ, ಇಲ್ಲಾ ಕರಕೊಂಡು ಹೋಗ್ತಾಳೆ. ಸಿನಿಮಾದಲ್ಲೂ ಅಷ್ಟೇ. ಕೆಮ್ಮಿದವನು ಕಡೇ ರೀಲಿಗೆ ಸಾಯಬೇಕು.

ಮುಗಿಯದ ಕಾಯಿಲೆಗೆ ಹಾಡಿಲ್ಲ. ಸಕ್ಕರೆ ಕಾಯಿಲೆ, ಮೂರ್ಛೆ, ಉಬ್ಬಸ, ನಮ್ಮ ಕಾಡಿನ ಜನರಲ್ಲಿ ಕಾಣಿಸಿಕೊಳ್ಳೋ ಕುಡುಗೋಲು ರಕ್ತದ ಕಾಯಿಲೆ, ಇವು ಸಾಯಿಸೋದೂ ಇಲ್ಲ, ಬಿಡೋದೂ ಇಲ್ಲ ಅನ್ನೋ ಹಾಗೆ ವರ್ಷಗಟ್ಟಲೆ ಮನೆಯ ಒಬ್ಬ ಆಳಿನ ಹಾಗೆ ಉಳೀತವೆ. ದಿನಾ ಅವಕ್ಕೆ ಒಂದಿಷ್ಟು ಕೊಟ್ಟು ನಮ್ಮ ಕೆಲಸ ನಾವು ಮಾಡಬೇಕು. ಇದರಲ್ಲಿ ಕಥೆ ಎಲ್ಲಿದೆ ಅಂತ ಹಾಡುಗಾರರು ಬಿಟ್ಟಿರಬಹುದು. ನೀಲಮ್ಮನ ಸೇವೆಯನ್ನು ನಾವು ರಾತ್ರಿಯೆಲ್ಲಾ ಹಾಡ್ತೀವಿ. ಅವಳು ಮಾಡಿದ್ದು ಒಂದು ಸಲ. ನಮ್ಮವ್ವ ಹತ್ತು ವರ್ಷ ಮಾಗಿಯಲ್ಲಿ ಜಗಲಿ ಮೇಲೆ ನನ್ನ ಬೆನ್ನಿಗೆ ಎದೆ ಕೊಟ್ಟು ಕೂತಳು, ಬೆಳಿಗ್ಗೆ ಎದ್ದು ಕೂಲಿಗೆ ಹೋದಳು. ಅವಳನ್ನು ಹಾಡೋ ಸಾಲು ಯಾವುದು?

ಈಗ ಇನ್ನೊಂದು ತರದ ಕಥೆ ಬಂದಿದೆ. ವಾಚನಾಲಯಕ್ಕೆ ಬರೋ ಪತ್ರಿಕೆಗಳಲ್ಲಿ ಓದ್ತೀನಿ, ಸ್ಕೂಲ್ ಡೇ ಭಾಷಣದಲ್ಲಿ ಕೇಳ್ತೀನಿ. ಕಾಯಿಲೆ ಶಾಪ ಅಲ್ಲ, ವರ. ಅದು ನಿಮಗೆ ಬದುಕಿನ ಗುರಿ ತೋರಿಸೋಕೆ ಬಂದದ್ದು ಅಂತ. ನನ್ನನ್ನೂ ಒಂದು ಸಲ ವೇದಿಕೆ ಮೇಲೆ ಕೂರಿಸಿ, 'ಉಬ್ಬಸ ಬರದೇ ಇದ್ದಿದ್ದರೆ ಇವರು ಹಾಡುಗಾರರೇ ಆಗ್ತಿರಲಿಲ್ಲ. ಕಾಯಿಲೆಗೆ ಕೈ ಮುಗೀಬೇಕು' ಅಂತ ಒಬ್ಬರು ಹೇಳಿದರು. ಜನ ಚಪ್ಪಾಳೆ ಹೊಡೆದರು. ನಾನೂ ಕೈ ಮುಗಿದು ಕೂತಿದ್ದೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ಯಾಕೆ ಅಂದರೆ, ಮೂರನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರ್ತಿದ್ದ ಹುಡುಗನಿಗೂ ಇದೇ ಕಾಯಿಲೆ ಇತ್ತು. ನನಗಿಂತ ಚೆನ್ನಾಗಿ ಹಾಡೋನು. ಲೆಕ್ಕದಲ್ಲಿ ಚುರುಕು. ಹನ್ನೊಂದನೇ ವಯಸ್ಸಿಗೆ ಒಂದು ಡಿಸೆಂಬರ್ ರಾತ್ರಿ ಗಾಡಿ ಸಿಗದೆ ಹೋಗಿಬಿಟ್ಟ. ಕಾಯಿಲೆ ಗುರಿ ತೋರಿಸೋಕೆ ಬರ್ತದೆ ಅನ್ನೋದಾದರೆ ಅವನಿಗೆ ಯಾವ ಗುರಿ ತೋರಿಸಿತು? ವರದ ಕಥೆ ಹೇಳೋರೆಲ್ಲಾ ಉಳಿದವರು. ಹೋದವರು ವೇದಿಕೆಗೆ ಬರೋಕೆ ಆಗೋದಿಲ್ಲ. ಶಾಪ ಅನ್ನೋ ಹಳೇ ಕಥೆಗೂ ವರ ಅನ್ನೋ ಹೊಸ ಕಥೆಗೂ ನನಗೆ ಬಹಳ ವ್ಯತ್ಯಾಸ ಕಾಣೋದಿಲ್ಲ. ಎರಡರಲ್ಲೂ ಯಾರೋ ಬೇಕು ಅಂತಲೇ ಕಳಿಸಿದ್ದು ಅಂತ ಆಗ್ತದೆ.

ಈ ಮಾತಿಗೆ ನಮ್ಮ ಕಾವ್ಯದಲ್ಲೇ ಆಧಾರ ಇದೆ. ಮಂಟೇಸ್ವಾಮಿ ಕಮ್ಮಾರರ ಮನೆಯ ಕೆಂಪಾಚಾರಿಯನ್ನು ಶಿಶುಮಗನಾಗಿ ಕೊಡಿ ಅಂತ ಕೇಳ್ತಾರೆ. ತಾಯಿ ತಂದೆ ಒಪ್ಪೋದಿಲ್ಲ. ಕೊಡೋದಿಲ್ಲ ಅಂದ ಮೇಲೂ ಸ್ವಾಮಿ ಬಿಡೋದಿಲ್ಲ, ಕಷ್ಟ ತಂದು ಪಡೀತಾರೆ. ಆ ಹುಡುಗನೇ ಮುಂದೆ ಸಿದ್ಧಪ್ಪಾಜಿ ಆಗ್ತಾನೆ, ಹಲಗೂರಿನಲ್ಲಿ ಪಾಂಚಾಳರು ಕೊಟ್ಟ ವಿಷವನ್ನೂ ಗೆಲ್ತಾನೆ, ಪವಾಡ ಮಾಡ್ತಾನೆ. ಕಡೆಗೆ ದೊಡ್ಡವನಾದ ಅಂತ ಮೊದಲು ಕೊಟ್ಟ ನೋವು ಸರಿ ಅಂತ ಕಾವ್ಯ ಹೇಳ್ತದಾ? ನನಗೆ ಹಾಗೆ ಕಾಣೋದಿಲ್ಲ. ಹೆತ್ತವರ ಗೋಳನ್ನು ಕಾವ್ಯ ಚಿಕ್ಕದು ಮಾಡಿಲ್ಲ. ಆ ಸಾಲು ಹಾಡುವಾಗ ಹೆಂಗಸರು ಈಗಲೂ ಸೆರಗಿನಲ್ಲಿ ಕಣ್ಣು ಒರೆಸ್ತಾರೆ. ಸಿದ್ಧಪ್ಪಾಜಿಯ ಪವಾಡ ಬಂದ ಮೇಲೂ ಆ ಅಳು ಅಳಿಸಿ ಹೋಗೋದಿಲ್ಲ. ಎರಡೂ ಪಕ್ಕಪಕ್ಕ ನಿಲ್ತವೆ. ಕಾವ್ಯ ಕಲ್ಯಾಣದ ಸಾಲಿನಲ್ಲಿ ಮರೆತದ್ದನ್ನು ಇಲ್ಲಿ ನೆನಪಿಟ್ಟಿದೆ ಅಂತ ನಾನು ತಿಳಿದಿದ್ದೀನಿ. ಭಾಷಣ ಮಾಡೋರು ಇದನ್ನು ಕಲೀಬೇಕು. ಗೆದ್ದದ್ದು ಹೇಳಿ, ನೊಂದದ್ದು ಅಳಿಸಬೇಡಿ.

ಹಾಗಾದರೆ ನನಗೆ ಈ ಕಾಯಿಲೆಯಿಂದ ಏನೂ ಸಿಕ್ಕಲಿಲ್ಲವಾ? ಸಿಕ್ಕಿತು. ಆದರೆ ಕಾಯಿಲೆ ಕೊಡಲಿಲ್ಲ, ಹಾಡು ಕೊಟ್ಟಿತು. ಅದು ಹೇಗೆ ಅಂತ ಹಾಡುಗಾರನಾಗಿ ವಿವರವಾಗಿ ಹೇಳ್ತೀನಿ.

ಉಬ್ಬಸ ಅಂದರೆ ಗಾಳಿ ಒಳಗೆ ಹೋಗೋದಿಲ್ಲ ಅಂತ ಜನ ತಿಳಿದಿದ್ದಾರೆ. ನಿಜವಾಗಿ ಹೆಚ್ಚು ಕಷ್ಟ ಆಚೆ ಬಿಡೋದು. ಎದೆಯೊಳಗಿನ ಗಾಳಿಯ ಸಣ್ಣ ಕೊಳವೆಗಳು ಊದಿಕೊಂಡು, ಬಿಗಿದುಕೊಂಡು, ಒಳಗೆ ಹೋದ ಗಾಳಿ ಸಿಕ್ಕಿ ಬೀಳ್ತದೆ. ಹಾಡೋದೂ ಆಚೆ ಬಿಡೋ ಉಸಿರಿನಲ್ಲೇ. ಅಂದರೆ ನನ್ನ ಕಾಯಿಲೆ ಹಿಡಿದದ್ದು ನನ್ನ ಹಾಡಿನ ಉಸಿರನ್ನೇ. ಗುರುಗಳು ಒಂದು ಉಸಿರಿಗೆ ಹಾಡೋ ನುಡಿಗೆ ನನಗೆ ಎರಡು ಉಸಿರು ಬೇಕು. ಹದಿನೇಳರಲ್ಲಿ ಇದು ನನ್ನ ಕೈಲಾಗದು ಅಂತ ತಂಬೂರಿ ಕೆಳಗಿಟ್ಟಿದ್ದೆ.

ಗುರುಗಳು ಬೈಯಲಿಲ್ಲ. 'ಹಿಮ್ಮೇಳ ಯಾತಕ್ಕ ಅದ ಅಂತ ತಿಳ್ದಿದೀಯ?' ಅಂತ ಕೇಳಿದರು. ನಮ್ಮ ಹಾಡಿನ ಕಟ್ಟು ನಿಮಗೆ ಗೊತ್ತು. ಮುಂದಿನವನು ಕಥೆಯ ನುಡಿ ಹೇಳ್ತಾನೆ, ಹಿಂದಿನವರು ಸಿದ್ಧಯ್ಯನನ್ನು ಕರೆಯೋ ಸೊಲ್ಲು ಹಿಡೀತಾರೆ. ಆ ಸೊಲ್ಲು ಮುಗಿಯೋ ತನಕ ಮುಂದಿನವನಿಗೆ ಉಸಿರು ತಗೊಳ್ಳೋಕೆ ಪುರುಸೊತ್ತು. 'ಒಬ್ಬನ ಉಸುರು ರಾತ್ರಿಯೆಲ್ಲಾ ನಿಲ್ಲಲ್ಲ ಅಂತ ಹಿಂದಲವ್ರಿಗೆ ಗೊತ್ತಿತ್ತು. ನೀ ನುಡಿ ಮೊಟಕು ಮಾಡ್ಕ, ಸೊಲ್ಲು ಬೇಗ ಕೊಡು, ಅವ್ರು ಹಿಡ್ಕತ್ತಾರ' ಅಂದರು. ಹಾಗೇ ಮಾಡಿದೆ. ನನ್ನ ಹಾಡಿನಲ್ಲಿ ನುಡಿ ಚಿಕ್ಕದು, ಸೊಲ್ಲು ಜಾಸ್ತಿ. ಕೇಳೋರಿಗೆ ಅದೇ ಒಂದು ಧಾಟಿ ಅನ್ನಿಸಿತು.

ಹಂಪಿ ಕನ್ನಡ ವಿಶ್ವವಿದ್ಯಾಲಯದವರು ಈ ಕಾವ್ಯವನ್ನು ದಪ್ಪ ಪುಸ್ತಕ ಮಾಡಿ ಅಚ್ಚು ಹಾಕಿದ್ದಾರೆ. ದೊಡ್ಡ ಕೆಲಸ. ಓದೋ ಮೇಷ್ಟ್ರುಗಳಿಗೆ ನನ್ನದೊಂದು ಸೂಚನೆ. ಅಚ್ಚಿನಲ್ಲಿ ಸೊಲ್ಲು ಬಂದಾಗ ಬಂದದ್ದೇ ಬಂತು ಅಂತ ಕಣ್ಣು ಹಾರಿಸಬೇಡಿ. ಹಾಡೋ ಕಟ್ಟಿನಲ್ಲಿ ಅದು ಒಬ್ಬನ ಉಸಿರು ನಿಂತು ನಾಲ್ಕು ಜನರ ಉಸಿರು ಶುರುವಾಗೋ ಜಾಗ. ಕಲ್ಯಾಣದ ಸಾಲಿನಲ್ಲಿ ನಾನು ಹುಡುಕಿ ಸಿಗದ ಉತ್ತರ ನನಗೆ ಸಿಕ್ಕಿದ್ದು ಆ ಸೊಲ್ಲಿನಲ್ಲಿ. ಕಥೆ ಹೇಳ್ತದೆ, ಕಾಯಿಲೆಯವನು ದೇವರಿರಬಹುದು ಅಂತ. ಹಾಡಿನ ಕಟ್ಟು ಹೇಳ್ತದೆ, ದೇವರೋ ಅಲ್ಲವೋ, ಉಸಿರು ಸಾಲದವನ ನುಡಿಯನ್ನು ಪಕ್ಕದವನು ಹಿಡೀಬೇಕು ಅಂತ. ನನಗೆ ಎರಡನೆಯದು ಹೆಚ್ಚು ಬೇಕಾದದ್ದು.

ಮುದುಕ ಸಿಕ್ಕಿದ ಮೇಲೆ ನಾನು ಕುಷ್ಠದ ಕುಣಿತ ಬಿಟ್ಟೆ. ಹಿರಿಯ ಹಾಡುಗಾರರೊಬ್ಬರು ಇದಕ್ಕೆ ಸಿಟ್ಟಾದರು. ಅವರ ವಾದ ಸುಮ್ಮನೆ ತಳ್ಳಿಹಾಕೋದಲ್ಲ. 'ಕೇಳೋನಿಗೆ ಮೊದ್ಲು ಅಸಹ್ಯ ಆಗ್ಬೇಕು. ಆಗ್ಲೇ ಅವನೂ ಮೂಗು ಮುಚ್ಚಿದ ಶರಣ ಆಯ್ತಾನ. ಆಮೇಕ ಅದು ಪರಂಜ್ಯೋತಿ ಅಂದಾಗ ನಾಚ್ಕತಾನ. ನೀ ಅಸಹ್ಯನೇ ತಗ್ದುಬುಟ್ರ ನಾಚಿಕೆ ಎಲ್ಲಿಂದ ಬತ್ತದ?' ಅಂದರು. ಇದು ಸರಿ. ಅದಕ್ಕೇ ನಾನು ಒಂದು ಪದವನ್ನೂ ತೆಗೆದಿಲ್ಲ. ಗಾಯ, ಕೀವು, ನಾತ ಎಲ್ಲಾ ಹಾಡ್ತೀನಿ. ಕೈಕಾಲು ಸೊಟ್ಟ ಮಾಡಿ ನಗಿಸೋದು ಮಾತ್ರ ಬಿಟ್ಟಿದ್ದೀನಿ. ನಕ್ಕವನು ನಾಚೋದಿಲ್ಲ, ನಕ್ಕು ಮರೀತಾನೆ. ನನ್ನ ಅನುಭವ ಇದು. ಬೇಲಿ ಪಕ್ಕ ಯಾರಾದರೂ ಕೂತಿದ್ದರೆ ಹಾಡು ಶುರುವಾಗೋ ಮುಂಚೆ ಹೋಗಿ ಕರೀತೀನಿ. ಕುಷ್ಠ ಈಗ ಆರು ತಿಂಗಳೋ ಒಂದು ವರ್ಷವೋ ಮಾತ್ರೆ ನುಂಗಿದರೆ ವಾಸಿ ಆಗ್ತದೆ, ಸರ್ಕಾರಿ ಆಸ್ಪತ್ರೇಲಿ ದುಡ್ಡಿಲ್ಲ ಅಂತ ಹಾಡಿನ ನಡುವೆ ಮಾತಿನಲ್ಲಿ ಹೇಳ್ತೀನಿ. ಮಂಟೇದಯ್ಯ ಅದಕ್ಕೆ ಕೋಪ ಮಾಡಿಕೊಂಡಿಲ್ಲ.

ಇನ್ನೊಂದು ಹೊಸದು ಸೇರಿಸಿದ್ದೀನಿ. ನನ್ನ ಜೋಳಿಗೆಯಲ್ಲಿ ಕಪ್ಪು ಧೂಳ್ತದ ಪಕ್ಕ ಇನ್‌ಹೇಲರ್ ಇರ್ತದೆ. ಧೂಪ ಹಾಕುವಾಗ ದೂರ ಇರ್ತೀನಿ. ಆಮೇಲೆ ಎಲ್ಲರ ಎದುರಿಗೇ ಅದನ್ನು ಬಾಯಿಗಿಟ್ಟು ಎಳೆದುಕೊಂಡು ತಂಬೂರಿ ಹಿಡೀತೀನಿ. ಹತ್ತು ವರ್ಷದ ಹಿಂದೆ ಮರೆಗೆ ಹೋಗಿ ತಗೊಳ್ತಿದ್ದೆ. ಕಾಯಿಲೆ ಹಾಡುಗಾರ ಅಂದರೆ ಕರೆಯೋದಿಲ್ಲ ಅನ್ನೋ ಭಯ. ಈಗ ಬೇಕು ಅಂತಲೇ ತೋರಿಸಿ ತಗೊಳ್ತೀನಿ. ಯಾಕೆ ಅಂದರೆ ನಮ್ಮ ಊರುಗಳಲ್ಲಿ ಇದಕ್ಕೆ ಬಹಳ ಹೆದರ್ತಾರೆ. ಒಂದು ಸಲ ಹಿಡಿದರೆ ಬಿಡೋಕಾಗೋದಿಲ್ಲ, ಕಡೇ ಔಷಧಿ, ಹೆಣ್ಣುಮಗಳಾದರೆ ಮದುವೆ ಆಗೋದಿಲ್ಲ ಅಂತ. ಡಾಕ್ಟರು ನನಗೆ ಲೆಕ್ಕ ಹೇಳಿಕೊಟ್ಟರು. ಉಸಿರು ಬಿಗಿ ಬಿಡಿಸೋ ಮಾತ್ರೆ ಒಂದರಲ್ಲಿ 4 ಮಿಲಿಗ್ರಾಂ ಔಷಧಿ. ಇನ್‌ಹೇಲರಿನ ಒಂದು ಎಳೆತದಲ್ಲಿ ಅದೇ ಔಷಧಿ 100 ಮೈಕ್ರೋಗ್ರಾಂ. ಅಂದರೆ ನಲವತ್ತರಲ್ಲಿ ಒಂದು ಪಾಲು. ನೇರ ಎದೆಗೆ ಹೋಗೋದರಿಂದ ಅಷ್ಟೇ ಸಾಕು. ಹೊಲಕ್ಕೆಲ್ಲಾ ನೀರು ಹರಿಸೋದಕ್ಕೂ ಬುಡಕ್ಕೆ ಹನಿ ನೀರು ಕೊಡೋದಕ್ಕೂ ಇರೋ ವ್ಯತ್ಯಾಸ. ಊತ ತಗ್ಗಿಸೋ ಇನ್ನೊಂದು ಇನ್‌ಹೇಲರ್ ಉಂಟು. ಅದನ್ನು ಡಾಕ್ಟರು ಹೇಳಿದ ಹಾಗೆ ಚೆನ್ನಾಗಿರೋ ದಿನವೂ ತಗೋಬೇಕು, ಆಮೇಲೆ ಬಾಯಿ ಮುಕ್ಕಳಿಸಬೇಕು. ಉಸಿರು ಕಟ್ಟಿದಾಗ ಮಾತ್ರ ನೆನಪಿಸಿಕೊಂಡರೆ ಆಗದು.

ನಮ್ಮಲ್ಲಿ ಔಷಧಿ ಚೀಟಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರ್ತದೆ. ಅಲ್ಲಿ ಇಳೈಪ್ಪು ಅಂತಾರೆ, ನಾವು ಉಬ್ಬಸ ಅಂತೀವಿ. ಕನ್ನಡ ಸ್ಕೂಲಿನಲ್ಲಿ ಓದಿದ ತಾಯಂದಿರಿಗೆ ಯಾವುದು ದಿನಾ ತಗೊಳ್ಳೋದು, ಯಾವುದು ಕಷ್ಟಕ್ಕೆ ಅಂತ ತಿಳಿಯೋದಿಲ್ಲ. ಹೋದ ವರ್ಷ ಒಂದು ಮನೆಯವರು ಎಂಟನೇ ಕ್ಲಾಸಿನ ಮಗಳ ಇನ್‌ಹೇಲರನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದರು. ರಾತ್ರಿ ನನ್ನನ್ನು ಕರೆಸಿದರು. ಹುಡುಗಿ ಮಂಡಿ ಹಿಡಿದು ಜಗಲಿ ಮೇಲೆ ಕೂತಿದ್ದಳು, ತಾಯಿ ಹಿಂದೆ ಕೂತಿದ್ದಳು. ಐವತ್ತು ವರ್ಷದ ಹಿಂದಿನ ನಮ್ಮ ಜಗಲಿ ಕಣ್ಣ ಮುಂದೆ ಬಂತು. ಡಬ್ಬದಿಂದ ತೆಗೆಸಿ ಕೊಡಿಸಿದೆ, ಬೆಳಗಾಗೋ ಮುಂಚೆ ಗಾಡಿ ಮಾಡಿ ಆಸ್ಪತ್ರೆಗೆ ಕಳಿಸಿದೆ. ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಟ್ಟೆ: ಇದು ದಿನಾ, ಇದು ಕಷ್ಟಕ್ಕೆ. ಆಮೇಲೆ ಹಾಗೆ ಬರೆಸಿಕೊಳ್ಳೋಕೆ ಬೇರೆಯವರೂ ಬರ್ತಾರೆ. ಕೈ ಈಗ ನಡುಗೋದಿಲ್ಲ, ಅಕ್ಷರ ನೆಟ್ಟಗೆ ಬರ್ತವೆ.

ಇದನ್ನು ಬದುಕಿನ ಗುರಿ ಅಂತ ಕರೆಯೋದಾದರೆ ಕರೀರಿ. ನಾನು ಅದಕ್ಕೆ ಅಷ್ಟು ದೊಡ್ಡ ಹೆಸರು ಕೊಡೋದಿಲ್ಲ. ನನ್ನ ಪಕ್ಕ ಕೂರ್ತಿದ್ದ ಹುಡುಗನಿಗೆ ಯಾರೂ ಮಾಡಲಾಗದೇ ಹೋದದ್ದನ್ನು ಈಗಿನ ಹೈಕಳಿಗೆ ಮಾಡಬಹುದು, ಅಷ್ಟೇ.

ಆ ಹುಡುಗಿ ಈಗ ಒಂಬತ್ತನೇ ಕ್ಲಾಸು. ಭಾನುವಾರ ನಾಲ್ಕು ಜನ ಹುಡುಗಿಯರ ಜೊತೆ ವಾಚನಾಲಯಕ್ಕೆ ಬಂದು ಸೊಲ್ಲು ಕಲೀತಾ ಇದ್ದಾಳೆ. ಹೆಣ್ಣುಮಕ್ಕಳು ನೀಲಗಾರರ ಹಿಮ್ಮೇಳ ಹಿಡೀಬಹುದಾ ಅಂತ ಊರಿನಲ್ಲಿ ಒಂದು ಮಾತು ಎದ್ದಿದೆ. ಅದರ ವಿಮರ್ಶೆ ಮುಂದಿನ ಪುಸ್ತಕಕ್ಕೆ ಬರೆದುಕೊಡ್ತೀನಿ ಅಂತ ಮೇಷ್ಟ್ರಿಗೆ ಹೇಳಿದ್ದೀನಿ.